ಬಾಡಿಗೆ ಕರಾರಿಗೆ ಆಧಾರ್ ಕೊಡುವ ಮುನ್ನ

ಪುಣೆಯಲ್ಲಿ ಬಾಡಿಗೆ ಕರಾರು ನೋಂದಣಿ ಮಾಡಿಸಿಕೊಡುವುದು ನಮ್ಮ ಕೆಲಸ. ಹಿಂಜವಡಿ, ವಾಕಡ್ ಕಡೆ ನೌಕರಿಗೆ ಬರುವ ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಹುಡುಗ ಹುಡುಗಿಯರು ಮನೆ ಸಿಕ್ಕ ಕೂಡಲೇ ಆಧಾರ್, ಪ್ಯಾನ್ ಫೋಟೋಗಳನ್ನು ಬ್ರೋಕರನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡುತ್ತಾರೆ. ಮಾಲೀಕರು, ಬ್ರೋಕರ್, ಸೊಸೈಟಿ ಮ್ಯಾನೇಜರ್ ಎಲ್ಲ ಇರುವ ಗ್ರೂಪದು. ಆಮೇಲೆ ಎಲ್ಲರಿಗೂ ಅಳಿಸಿದರೂ, ಅಷ್ಟರಲ್ಲಿ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಇಳಿದ ಪ್ರತಿ ಅಲ್ಲೇ ಉಳಿಯುತ್ತದೆ.

ಮಹಾರಾಷ್ಟ್ರದಲ್ಲಿ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಿದರಷ್ಟೇ ಸಾಲದು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಕರಾರು ನೋಂದಣಿ ಆಗಲೇಬೇಕು. ಆಧಾರಿನ 12 ಅಂಕಿಯೂ ಬೇಕಾಗುವುದು ಆ ಆನ್‌ಲೈನ್ ನೋಂದಣಿಗೆ, ಹೆಬ್ಬೆಟ್ಟು ಒತ್ತುವ ಹೊತ್ತಿಗೆ. ಅದನ್ನು ಎದುರು ಕೂತು ನೀವೇ ಹೇಳಿ, ಮುಂಚಿತವಾಗಿ ಕಳಿಸಬೇಡಿ. ಮಾಲೀಕರಿಗೆ, ಸೊಸೈಟಿಗೆ ಮಾಸ್ಕ್ಡ್ ಆಧಾರ್ ಸಾಕು: ಮೈಆಧಾರ್ ಜಾಲತಾಣದಲ್ಲಿ ಓಟಿಪಿ ಕೊಟ್ಟು ಒಳಹೋಗಿ, ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಆ ಫೈಲಿನ ಪಾಸ್‌ವರ್ಡ್ ನಂಬಿ ಕೂರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ; ಇದು ಊರಿಗೆಲ್ಲ ಗೊತ್ತಿರುವ ಸೂತ್ರ.

ಕೈಯಿಂದ ಅಂಕಿ ಮುಚ್ಚುವವರು ಎಡವುವುದು ಹೆಚ್ಚು. ಫೋನಿನ ಹೈಲೈಟರಿನಿಂದ ಕಪ್ಪು ಬಳಿದರೆ, ಬೆಳಕು ಹೆಚ್ಚಿಸಿದಾಗ ಅಡಿಯ ಅಂಕಿ ಎದ್ದು ಕಾಣುತ್ತದೆ. ಪಿಡಿಎಫ್ ಮೇಲೆ ಇಟ್ಟ ಕಪ್ಪು ಡಬ್ಬಿಯನ್ನು ಸರಿಸಿಬಿಡಬಹುದು. ಮುಂಬದಿ ಮುಚ್ಚಿ, ಹಿಂಬದಿಯಲ್ಲೂ ಅದೇ ಸಂಖ್ಯೆ ಇರುವುದನ್ನು ಮರೆಯುತ್ತಾರೆ. ಎಲ್ಲಕ್ಕಿಂತ ಕಣ್ತಪ್ಪುವುದು ಹಳೆಯ ಕಾರ್ಡಿನ ಕ್ಯೂಆರ್ ಕೋಡ್: ಅದರಲ್ಲಿ ಪೂರ್ತಿ 12 ಅಂಕಿಯೂ ಇರುತ್ತದೆ, ಸಾಮಾನ್ಯ ಸ್ಕ್ಯಾನರಿಗೇ ಸಿಗುತ್ತದೆ. ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರಗಳು ಫೋಟೋ ಮೇಲೂ ಹಾಯುವಂತೆ, ಯಾವ ಫ್ಲ್ಯಾಟಿನ ಕರಾರಿಗೆ, ಯಾವ ತಾರೀಖು ಎಂದು ಬರೆಯಿರಿ. ಆ ಪ್ರತಿಯನ್ನು ಸಿಮ್ಮಿಗೋ ಸಾಲಕ್ಕೋ ತಿರುಗಿಸುವುದು ಆಗ ಕಷ್ಟ.

ನಮಗೆ ನಿಜಕ್ಕೂ ಭಯ ಹುಟ್ಟಿಸುವುದು ಹೆಬ್ಬೆಟ್ಟು. ಆಧಾರ್ ಆಧಾರಿತ ಪಾವತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಹಣ ತೆಗೆಯಬಹುದು, ಓಟಿಪಿ ಕೇಳುವುದಿಲ್ಲ. ನೋಂದಣಿಗೂ ಹಣ ತೆಗೆಯುವುದಕ್ಕೂ ಬಳಸುವುದು ಒಂದೇ ಬಗೆಯ ಸ್ಕ್ಯಾನರ್. "ಬಂದಿಲ್ಲ, ಇನ್ನೊಮ್ಮೆ ಒತ್ತಿ" ಎಂದಾಗ ನಿಜವಾಗಿ ಬೆವರಿಗೋ ಒಣ ಚರ್ಮಕ್ಕೋ ವಿಫಲವಾಗಿರಬಹುದು. ಆದರೂ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ನೋಂದಣಿಯ ಪುಟವೇ ತೆರೆದಿದೆಯೇ ನೋಡಿ. ಪ್ರಾಮಾಣಿಕ ಏಜೆಂಟರು ಬೇಸರಪಡುವುದಿಲ್ಲ. ಬೇರೆ ದಿನಗಳಲ್ಲಿ ಎಂಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ (ಬೆರಳು, ಕಣ್ಣಿನ ಗುರುತು) ಲಾಕ್ ಮಾಡಿಡಿ. ಕರಾರಿನ ಹೊತ್ತಿಗೆ ಆ ಲಾಕನ್ನು ತಾತ್ಕಾಲಿಕವಾಗಿ ತೆರೆದರೆ ಸಾಕು. ತೆರೆಯುವುದನ್ನು ಮರೆತು ಬಂದರೆ ಹೆಬ್ಬೆಟ್ಟು ಸ್ವೀಕಾರವಾಗುವುದಿಲ್ಲ, ಸ್ಕ್ಯಾನರನ್ನು ದೂರಬೇಡಿ.

ಅದೇ ಸಂಜೆ ಮೈಆಧಾರಿನಲ್ಲಿ ದೃಢೀಕರಣದ ಇತಿಹಾಸ ತೆರೆಯಿರಿ. ಹಿಂದಿನ 6 ತಿಂಗಳಲ್ಲಿ ಯಾವ ಸಂಸ್ಥೆ, ಎಷ್ಟು ಗಂಟೆಗೆ, ಬೆರಳಿಂದಲೋ ಓಟಿಪಿಯಿಂದಲೋ ಎಂಬ ವಿವರ ಅಲ್ಲಿರುತ್ತದೆ. ನೋಂದಣಿಗೆ ಸಂಬಂಧವಿಲ್ಲದ ಹೆಸರು ಕಂಡರೆ ಕೂಡಲೇ ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ. ನಿಮ್ಮ ಹೆಸರಲ್ಲಿ ಗೊತ್ತಿಲ್ಲದ ಸಿಮ್ ಇದೆಯೇ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಪ್ಯಾನ್ ಬಳಸಿ ಯಾರೋ ಸಾಲ ಎತ್ತಿದ್ದರೆ ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಸಿಕ್ಕಿಬೀಳುತ್ತದೆ. ಪ್ರತಿ ಕ್ರೆಡಿಟ್ ಸಂಸ್ಥೆಯಿಂದ ವರ್ಷಕ್ಕೊಂದು ವರದಿ ಉಚಿತ. ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೆ ಆಮೇಲೆ ಹೋಗಿ. ಬೇಗ ತಿಳಿಸಿದರೆ ಹಣ ಹೋಗಿ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ.