ಪದ ಬಾಯಿಗೆ ಬರುವವರೆಗೆ: ಮಕ್ಕಳ ಭಾಷಣ ತರಗತಿಯ ಪ್ರಗತಿ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆ ಪದಸಂಪತ್ತು ಮತ್ತು ಭಾಷಣ ಕಲಿಸುತ್ತಿದ್ದೇನೆ. ಇದು ನನ್ನ ಉದ್ಯೋಗ ಅಲ್ಲ, ಇಷ್ಟಪಟ್ಟು ಹಚ್ಚಿಕೊಂಡ ಕೆಲಸ. ಇವೆರಡನ್ನೂ ಬೇರೆ ಬೇರೆ ಪಾಠವಾಗಿ ಮಾಡಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಅರ್ಥ ಬರೆದು ಬಾಯಿಪಾಠ ಮಾಡಿದ ಪದ ಪರೀಕ್ಷೆಯ ದಿನದವರೆಗೆ ಉಳಿಯುತ್ತದೆ, ಅಷ್ಟೇ. ಅದೇ ಪದ ನಾಲ್ಕು ಜನರ ಮುಂದೆ ನಿಂತು ಮಾತಾಡುವಾಗ ಬೇಕಾಗಿ ಬಂದರೆ ಮಗು ಅದನ್ನು ಬಿಡುವುದಿಲ್ಲ. ಇಲ್ಲಿಯವರೆಗೆ ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ಇನ್ನೂ ಆಗಬೇಕು ಅಂತ ಬರೆದಿಡುತ್ತಿದ್ದೇನೆ.

ಮೊದಲ ತಿಂಗಳು: ಯಾವ ಪದ ಕಲಿಸುವುದು?

ಪದ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಅಮೆರಿಕದ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಅವರ ಜೊತೆಗಾರರು ಪದಗಳನ್ನು ಮೂರು ಹಂತವಾಗಿ ವಿಂಗಡಿಸಿದ್ದಾರೆ. ನೀರು, ಓಡು, ಸಿಟ್ಟು ಥರದವು ಮೊದಲ ಹಂತ. ಇವನ್ನು ಯಾರೂ ಕಲಿಸಬೇಕಿಲ್ಲ. ದ್ಯುತಿಸಂಶ್ಲೇಷಣೆ, ಸಮಭಾಜಕ ವೃತ್ತ ಥರದವು ಮೂರನೇ ಹಂತ. ಇವು ಆಯಾ ಪಾಠದ ಜೊತೆಗೇ ಬರುತ್ತವೆ. ನಡುವೆ ಎರಡನೇ ಹಂತ ಇದೆ: ಕಡೆಗಣಿಸು, ಅನಿವಾರ್ಯ, ಪಕ್ಷಪಾತ, ಸಮರ್ಥಿಸು, ಹಿಂಜರಿ, ಪರಿಣಾಮ. ವಿಜ್ಞಾನ, ಇತಿಹಾಸ, ಕಥೆ, ಸುದ್ದಿ ಎಲ್ಲ ಕಡೆಯೂ ಇವು ಸಿಗುತ್ತವೆ. ಆದರೆ ಮಕ್ಕಳು ತಾವಾಗಿ ಬಳಸುವುದು ಕಡಿಮೆ. ನಾನು ಆರಿಸುವುದೆಲ್ಲ ಈ ನಡುವಿನ ಪದಗಳನ್ನೇ. ಭಾಷಣಕ್ಕೆ ಬೇಕಾಗುವುದೂ ಇವೇ ಅಲ್ವಾ? ಒಂದು ಅಭಿಪ್ರಾಯ ಹೇಳಿ, ಕಾರಣ ಕೊಟ್ಟು, ಇನ್ನೊಬ್ಬರಿಗೆ ಉತ್ತರ ಕೊಡಬೇಕಾದರೆ ಮೊದಲ ಹಂತದ ಪದಗಳು ಸಾಲುವುದಿಲ್ಲ.

ಪ್ರತಿ ತರಗತಿಗೂ ಕೆಲವೇ ಪದ. ಪಟ್ಟಿ ಉದ್ದವಾದಷ್ಟೂ ಮಕ್ಕಳು ಬರೆಯುತ್ತಾರೆ, ಮಾತಾಡುವುದಿಲ್ಲ.

ಅರ್ಥ ಹೇಳಿಕೊಡಲು ನಾಲ್ಕು ಚೌಕದ ಹಾಳೆ ಬಳಸುತ್ತೇನೆ. ಇದನ್ನು 1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊರೊಥಿ ಫ್ರೇಯರ್ ಮತ್ತು ಸಂಗಡಿಗರು ರೂಪಿಸಿದರು. ನಡುವೆ ಪದ. ಸುತ್ತ ಅದರ ಅರ್ಥ, ಅದರ ಲಕ್ಷಣ, ಉದಾಹರಣೆ, ಮತ್ತು 'ಇದು ಅದಲ್ಲ' ಅನ್ನುವ ಉದಾಹರಣೆ. ನನ್ನ ಮಟ್ಟಿಗೆ ಈ ಕೊನೆಯ ಚೌಕವೇ ಇಡೀ ಹಾಳೆಯ ಜೀವ. 'ಕಡೆಗಣಿಸು' ಪದ ತೆಗೆದುಕೊಂಡ ದಿನ ಇದು ಚೆನ್ನಾಗಿ ಕಂಡಿತು. ಏಳನೇ ತರಗತಿಯ ಹುಡುಗನೊಬ್ಬ ಉದಾಹರಣೆಯ ಚೌಕದಲ್ಲಿ 'ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ' ಅಂತ ಬರೆದಿದ್ದ. ಪಕ್ಕದ ಹುಡುಗಿ ಇಣುಕಿ ನೋಡಿ, "ಏ, ಅದು ಹಂಗಲ್ಲ ಕಣೋ. ಕೇಳಿಸದೇ ಇದ್ರೆ ಕಡೆಗಣಿಸಿದ ಹಾಗಲ್ಲ. ಕೇಳಿಸಿಯೂ ಸುಮ್ನೆ ಇದ್ದರೆ ಮಾತ್ರ ಕಡೆಗಣಿಸಿದ ಹಾಗೆ" ಅಂದಳು. ಅವನು ಬಿಡಲಿಲ್ಲ. "ಹಾಗಾದ್ರೆ ಮರೆತುಬಿಟ್ರೆ?" ಅಂದ. ಅಲ್ಲಿಂದ ಇಡೀ ತರಗತಿ ಎರಡು ಬಣ ಆಯಿತು. ಮರೆಯುವುದು ಕಡೆಗಣಿಸಿದಂತೆಯೋ ಅಲ್ಲವೋ? ಪದೇ ಪದೇ ಒಬ್ಬರನ್ನೇ ಮರೆತರೆ? ಯಾವ ನಿಘಂಟಿನಲ್ಲೂ ಇಷ್ಟು ವಿವರ ಸಿಗುವುದಿಲ್ಲ. ಅವರು ಪದದ ಅರ್ಥ ಹುಡುಕುತ್ತಲೇ ವಾದ ಮಾಡುವುದನ್ನೂ ಕಲಿಯುತ್ತಿದ್ದರು. ನಾನು ಸುಮ್ಮನೆ ನಿಂತು ಕೇಳಿಸಿಕೊಂಡೆ.

ಕಲಿತದ್ದನ್ನು ಉಳಿಸಿಕೊಳ್ಳಲು ಚೀಟಿ ಪೆಟ್ಟಿಗೆ ಇದೆ. ಹೊಸದಾಗಿ ಕಲಿತದ್ದು ಬೇಗ ಮರೆಯುತ್ತದೆ, ನಡುನಡುವೆ ಬಿಡುವು ಕೊಟ್ಟು ನೆನಪಿಸಿಕೊಂಡರೆ ಉಳಿಯುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಸರಿಯಾಗಿ ಹೇಳಿದ ಪದದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದರೆ ಮೊದಲ ಖಾನೆಗೆ ವಾಪಸ್. ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಈ ಕ್ರಮಕ್ಕೆ ನಾನು ಒಂದು ನಿಯಮ ಸೇರಿಸಿದ್ದೇನೆ: ಅರ್ಥ ಹೇಳಿದರೆ ಸಾಲದು, ಆ ಪದ ಬಳಸಿ ತನ್ನದೇ ಒಂದು ವಾಕ್ಯವನ್ನು ಜೋರಾಗಿ ಹೇಳಬೇಕು. ಪೆಟ್ಟಿಗೆಯ ಉಸ್ತುವಾರಿ ಪೂರ್ತಿ ಮಕ್ಕಳದ್ದೇ.

ಎರಡನೇ ತಿಂಗಳು: ನಿಂತು ಮಾತಾಡುವುದು

ಭಾಷಣ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಶುರು: "ಇಂದು ನಾನು ಪರಿಸರದ ಬಗ್ಗೆ ಎರಡು ಮಾತುಗಳನ್ನು ಆಡಲು ಇಷ್ಟಪಡುತ್ತೇನೆ." ಒಂದೇ ಮುಕ್ತಾಯ: "ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ." ಇದನ್ನು ನಾನು ನಿಷೇಧಿಸಲಿಲ್ಲ. ಹೆದರಿದ ಮಗುವಿಗೆ ಅದು ಹಿಡಿದುಕೊಳ್ಳಲು ಸಿಗುವ ಕೈಗಂಬಿ. ಬದಲಿಗೆ ಬೇರೊಂದು ಪ್ರಶ್ನೆ ಕೇಳತೊಡಗಿದೆ: "ಕೇಳಿದವರು ಹೊರಗೆ ಹೋಗಿ ಗೆಳೆಯರಿಗೆ ಒಂದೇ ವಾಕ್ಯ ಹೇಳಬೇಕು ಅಂದರೆ, ಏನು ಹೇಳಬೇಕು?" ಆ ವಾಕ್ಯ ಬರೆಯದೆ ಯಾರೂ ಭಾಷಣ ಬರೆಯುವಂತಿಲ್ಲ. 'ಪರಿಸರ' ಅನ್ನುವುದು ವಾಕ್ಯ ಅಲ್ಲ. 'ನಮ್ಮ ತರಗತಿಯಲ್ಲಿ ಅರ್ಧ ಖಾಲಿ ಇರುವ ನೋಟ್‌ಪುಸ್ತಕಗಳನ್ನು ಎಸೆಯಬಾರದು' ಅನ್ನುವುದು ವಾಕ್ಯ. ವಿಷಯ ಹೀಗೆ ಚಿಕ್ಕದಾದಾಗ ಮಗುವಿನ ಕಣ್ಣು ಚುರುಕಾಗುತ್ತದೆ. ಅಲ್ಲಿ ಅದಕ್ಕೆ ಹೇಳಲು ತನ್ನದೇ ಮಾತು ಇರುತ್ತದೆ.

ಭಾಷಣ ಮುಗಿದ ಮೇಲೆ ಚಪ್ಪಾಳೆ, ಆಮೇಲೆ ಚೀಟಿ. ಕೇಳಿದ ಪ್ರತಿಯೊಬ್ಬರೂ ತಮಗೆ ತಿಳಿದದ್ದನ್ನು ಒಂದು ವಾಕ್ಯದಲ್ಲಿ ಬರೆದು ಕೊಡಬೇಕು. ಮಾತಾಡಿದವರು ಅವನ್ನು ತಾವು ಮೊದಲೇ ಬರೆದುಕೊಂಡ ವಾಕ್ಯದ ಜೊತೆ ಇಟ್ಟು ನೋಡುತ್ತಾರೆ. ಅಂಕ ಇಲ್ಲ, ಬಹುಮಾನ ಇಲ್ಲ. ನಾನು 'ಚೆನ್ನಾಗಿತ್ತು' ಅನ್ನುವುದಕ್ಕಿಂತ ಈ ಚೀಟಿಗಳಿಗೇ ಅವರು ಜಾಸ್ತಿ ಕಾಯುತ್ತಾರೆ.

ಹೊತ್ತು ಎರಡು ನಿಮಿಷ. "ಅಷ್ಟರಲ್ಲಿ ಏನು ಹೇಳೋಕಾಗುತ್ತೆ ಮಿಸ್?" ಅಂತ ಎಂಟನೇ ತರಗತಿಯವರು ಕೇಳಿದಾಗ ಗೆಟಿಸ್‌ಬರ್ಗ್ ಕಥೆ ಹೇಳಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನವನ್ನು 1863ರ ನವೆಂಬರ್ 19ರಂದು ಅಲ್ಲಿ ಅರ್ಪಿಸಿದರು. ಮುಖ್ಯ ಭಾಷಣ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಅವರದ್ದು. ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಅಧ್ಯಕ್ಷ ಲಿಂಕನ್ ಎದ್ದು ಸುಮಾರು 270 ಪದಗಳಲ್ಲಿ, ಎರಡು ಮೂರು ನಿಮಿಷದಲ್ಲಿ ಮುಗಿಸಿದರು. ಜಗತ್ತು ನೆನಪಿಟ್ಟುಕೊಂಡಿರುವುದು ಲಿಂಕನ್ ಭಾಷಣವನ್ನು. ಮರುದಿನ ಎವರೆಟ್ ಅವರೇ ಲಿಂಕನ್‌ಗೆ ಪತ್ರ ಬರೆದು ಆ ಭಾಷಣವನ್ನು ಮೆಚ್ಚಿಕೊಂಡರು. ಮಕ್ಕಳಿಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ಪತ್ರ.

ದಿಢೀರ್ ಭಾಷಣಕ್ಕೆ, ಜನರ ಮುಂದೆ ಮಾತಾಡುವುದನ್ನು ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳ ಪದ್ಧತಿಯಿಂದ ಒಂದಿಷ್ಟು ತೆಗೆದುಕೊಂಡೆ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಕ್ಲಬ್ ಇದು. ಅಲ್ಲಿ ಒಬ್ಬರು ಆ ದಿನದ ಪದ ಕೊಡುತ್ತಾರೆ, ಮಾತಾಡುವವರು ಅದನ್ನು ಬಳಸಲು ನೋಡಬೇಕು. ಪದ, ಭಾಷಣ ಎರಡೂ ಒಟ್ಟಿಗೆ ಸಿಗುವ ಜಾಗ ಇದೇ ಅನ್ನಿಸಿತು. ಪೆಟ್ಟಿಗೆಯಿಂದ ಒಂದು ಪದ, ಇನ್ನೊಂದು ಡಬ್ಬದಿಂದ ಒಂದು ಪ್ರಶ್ನೆ, ಒಂದು ನಿಮಿಷದ ಮಾತು. 'ಅನಿವಾರ್ಯ' ಮತ್ತು 'ಮಳೆಯಲ್ಲಿ ಆಟ ನಿಲ್ಲಿಸಬೇಕಾ?' ಒಟ್ಟಿಗೆ ಬಂದಾಗ ಆರನೇ ತರಗತಿಯ ಹುಡುಗಿ, "ನೆನೆಯುವುದು ಅನಿವಾರ್ಯ, ಆಟ ನಿಲ್ಲಿಸುವುದು ಅನಿವಾರ್ಯ ಅಲ್ಲ" ಅಂದಳು. ಪದ ಅವಳ ಕೈವಶ ಆಗಿತ್ತು.

ಆ ಕ್ಲಬ್‌ಗಳಲ್ಲಿ 'ಆ…', 'ಮ್…' ಅನ್ನುವುದನ್ನು ಎಣಿಸಲು ಒಬ್ಬರು ಇರುತ್ತಾರೆ. ಅದನ್ನು ನಾನು ತೆಗೆದುಕೊಳ್ಳಲಿಲ್ಲ. ಬೇಕು ಅಂತ ಬಂದ ದೊಡ್ಡವರಿಗೆ ಅದು ಸರಿ. ಈ ವಯಸ್ಸಿನವರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಮಾತೇ ನಿಲ್ಲಿಸುತ್ತಾರೆ. 'ಆಮೇಲೆ', 'ಅಂದ್ರೆ', 'ಅದೂ…' ಬರುವ ಕಡೆ ಬಾಯಿ ಮುಚ್ಚಿ ಒಂದು ಉಸಿರು ತೆಗೆದುಕೊಳ್ಳಿ ಅಂತ ಮಾತ್ರ ಹೇಳುತ್ತೇನೆ. ಮೌನ ತಪ್ಪಲ್ಲ ಅಂತ ಒಪ್ಪಿಸಲು ಬೇರೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು.

ಮೂರನೇ ತಿಂಗಳು: ವಾಕ್ಯದ ಕೊನೆ

ಕಣ್ಣು, ಕೈ, ನಿಲುವು ಇವೆಲ್ಲ ನಾನು ಅಂದುಕೊಂಡದ್ದಕ್ಕಿಂತ ಬೇಗ ಸರಿಹೋದವು. ಒಂದು ವಾಕ್ಯವನ್ನು ಒಬ್ಬರಿಗೆ ಪೂರ್ತಿ ಹೇಳಿ, ಮುಂದಿನದ್ದನ್ನು ಇನ್ನೊಬ್ಬರಿಗೆ ಹೇಳಿ ಅಂದರೆ ಸಾಕಾಯಿತು. ಪೂರ್ತಿ ಭಾಷಣ ಬಾಯಿಪಾಠ ಮಾಡುವುದನ್ನೂ ಹೆಚ್ಚಿನವರು ಬಿಟ್ಟಿದ್ದಾರೆ. ಈಗ ಕೈಯಲ್ಲಿ ಸಣ್ಣ ಕಾರ್ಡ್, ಅದರಲ್ಲಿ ವಾಕ್ಯ ಇಲ್ಲ, ಪದಗಳು ಮಾತ್ರ. ಒಂದು ಸಾಲು ಮರೆತರೂ ಮುಂದಿನ ಪದ ಹಿಡಿದು ಹೊರಡುತ್ತಾರೆ.

ಗಟ್ಟಿಯಾಗಿ ಕೂತಿರುವ ತೊಂದರೆ ಬೇರೆ. ವಾಕ್ಯದ ಕೊನೆಗೆ ದನಿ ಇಳಿಯುತ್ತದೆ. ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಹೌದೋ ಅಲ್ಲವೋ ಅನ್ನುವುದು ತೀರ್ಮಾನ ಆಗುವುದೂ ಅಲ್ಲೇ. ಹೋಂವರ್ಕ್ ಬೇಡ ಅಂತ ಮಾತಾಡಿದ ಹುಡುಗನ ಚೀಟಿಗಳಲ್ಲಿ ಕೆಲವು 'ಹೋಂವರ್ಕ್ ಬೇಕು ಅಂದ' ಅಂತ ಬಂದವು. ಅವನಿಗೆ ಸಿಟ್ಟು ಬಂತು. "ನಾನು ಒಪ್ಪುವುದಿಲ್ಲ ಅಂತಲೇ ಹೇಳಿದ್ದು ಮಿಸ್" ಅಂದ. ಹೇಳಿದ್ದು ನಿಜ. ಆದರೆ ಹಿಂದಿನ ಸಾಲಿಗೆ ತಲುಪಿದ್ದು 'ಒಪ್ಪು…' ಅನ್ನುವಷ್ಟು ಮಾತ್ರ.

ಜೋರಾಗಿ ಮಾತಾಡಿ ಅಂದರೆ ಇದು ಸರಿಹೋಗುವುದಿಲ್ಲ. ವಾಕ್ಯದ ಮೊದಲರ್ಧ ಇನ್ನೂ ಜೋರಾಗುತ್ತದೆ, ಕೊನೆ ಹಾಗೇ ಉಳಿಯುತ್ತದೆ. ಕಾರಣ ಉಸಿರು. 'ನಾವು ಶಾಲೆಯಿಂದ ಬಂದು, ಬಟ್ಟೆ ಬದಲಿಸಿ, ಸ್ವಲ್ಪ ಆಡಿ, ಮತ್ತೆ ಕೂತು ಬರೆದು, ಸುಸ್ತಾಗಿ…' ಅಂತ ಬಂದು, ಬದಲಿಸಿ, ಆಡಿ, ಕೂತು ಅನ್ನುತ್ತಾ ಹೋದರೆ ಕೊನೆಯ ಕ್ರಿಯಾಪದದ ಹೊತ್ತಿಗೆ ಉಸಿರೇ ಇರುವುದಿಲ್ಲ. ಹಾಗಾಗಿ ಎರಡು ಅಭ್ಯಾಸ ಶುರು ಮಾಡಿದೆವು. ಒಂದು, ಇಂಥ ಉದ್ದ ವಾಕ್ಯವನ್ನು ಒಡೆಯುವುದು. 'ನಾವು ಶಾಲೆಯಿಂದ ಬರುತ್ತೇವೆ. ಸ್ವಲ್ಪ ಆಡುತ್ತೇವೆ. ಮತ್ತೆ ಬರೆಯಲು ಕೂರುತ್ತೇವೆ.' ಇನ್ನೊಂದು, ಕೇಳುವವರು ಕೋಣೆಯ ಆ ತುದಿಯಲ್ಲಿ ನಿಂತು ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ತಿರುಗಿ ಹೇಳುವುದು. ಹೇಳಲಾಗದಿದ್ದರೆ ಆ ವಾಕ್ಯ ಮತ್ತೊಮ್ಮೆ. ಹೋಂವರ್ಕ್ ಭಾಷಣ ಎರಡನೇ ಸಲ ಕೊಟ್ಟಾಗ ಚೀಟಿಗಳೆಲ್ಲ ಸರಿ ಬಂದವು. ಅವನು ಅವನ್ನು ಜೋಡಿಸಿ ಬ್ಯಾಗಿಗೆ ಹಾಕಿಕೊಂಡ.

ಈಗ ಎಲ್ಲಿದ್ದೇವೆ

'ಕಡೆಗಣಿಸು' ಬಗ್ಗೆ ವಾದ ಮಾಡಿದ ಹುಡುಗಿ ಅದನ್ನೇ ಭಾಷಣ ಮಾಡಿದಳು. ಹೊಸದಾಗಿ ಶಾಲೆಗೆ ಸೇರಿದವರನ್ನು ಆಟಕ್ಕೆ ಕರೆಯದಿರುವುದರ ಬಗ್ಗೆ. "ನಾವು ಮರೆತೆವು ಅನ್ನುತ್ತೇವೆ. ದಿನಾ ಮರೆತರೆ ಅದು ಮರೆವಲ್ಲ, ಕಡೆಗಣಿಸಿದ್ದು" ಅನ್ನುವುದು ಅದರ ನಡುವಿನ ಮಾತು. ಆ ಪದ ಇಲ್ಲದೆ ಆ ಭಾಷಣ ಆಗುತ್ತಲೇ ಇರಲಿಲ್ಲ. ಈ ಕೆಲಸದಿಂದ ನನಗೆ ಬೇಕಾಗಿದ್ದು ಇದೇ.

ಎಲ್ಲರದ್ದೂ ಹೀಗೆ ಆಗಿಲ್ಲ. ಮೂರ್ನಾಲ್ಕು ಮಕ್ಕಳು ಇನ್ನೂ ಕೂತೇ ಮಾತಾಡುತ್ತಾರೆ, ಅವರನ್ನು ಎಬ್ಬಿಸುವ ಅವಸರ ನನಗಿಲ್ಲ. ಪೆಟ್ಟಿಗೆಯ ಪದಗಳು ಸಿದ್ಧಮಾಡಿದ ಭಾಷಣದಲ್ಲಿ ಬರುತ್ತವೆ, ದಿಢೀರ್ ಮಾತಿನಲ್ಲಿ ಅಷ್ಟು ಬರುತ್ತಿಲ್ಲ.

ಮುಂದಿನ ತಿಂಗಳು ಜೋಡಿ ಚರ್ಚೆ. ನಿಯಮ ಒಂದೇ: ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ತನ್ನ ಮಾತಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಅದೇ" ಅನ್ನಬೇಕು. ಅದಕ್ಕೆ ಬೇಕಾದ ಪದಗಳನ್ನು ಆರಿಸಿಟ್ಟಿದ್ದೇನೆ: ಹಾಗಿದ್ದರೂ, ಬದಲಿಗೆ, ಆಧಾರ, ವಿನಾಯಿತಿ, ಒಂದು ಮಟ್ಟಿಗೆ. ಮೊದಲ ಜೋಡಿ ಹೋಂವರ್ಕ್ ಹುಡುಗ ಮತ್ತು ಕಡೆಗಣಿಸು ಹುಡುಗಿ. ವಿಷಯವನ್ನು ಅವರೇ ಆರಿಸಿದ್ದಾರೆ: ತರಗತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕು ಅಂತ ಮಕ್ಕಳೇ ತೀರ್ಮಾನಿಸಬೇಕೋ ಬೇಡವೋ.