ಕೋಪಕಬಾನಾಕ್ಕೆ ಬರಿಗೈಯಲ್ಲಿ ಹೋಗಿ

ರಿಯೊ ಡಿ ಜನೈರೊದ ಕೋಪಕಬಾನಾ ಕಡಲತೀರಕ್ಕೆ ಮೊದಲ ದಿನ ನಾನು ಹೊತ್ತೊಯ್ದದ್ದು ದಪ್ಪನೆಯ ಟವೆಲ್, ನೀರಿನ ಬಾಟಲಿ, ಪುಸ್ತಕ, ಕ್ಯಾಮೆರಾ. ಅಲ್ಲಿ ಇಷ್ಟು ಹೊರೆ ಹೊತ್ತವನು ನಾನೊಬ್ಬನೇ. ಊರಿನವರ ಹೆಗಲ ಮೇಲೆ ಇದ್ದದ್ದು ಕಾಂಗಾ ಎಂಬ ತೆಳುಬಟ್ಟೆಯೊಂದೇ. ಹಾಸಿಕೊಳ್ಳಲೂ ಅದೇ, ಸುತ್ತಿಕೊಳ್ಳಲೂ ಅದೇ. ಕೊಡವಿದರೆ ಮರಳು ಉದುರಿ ಹೋಗುತ್ತದೆ. ನನ್ನ ಟವೆಲ್ ಮಾತ್ರ ಅರ್ಧ ಕಡಲತೀರವನ್ನೇ ಹೋಟೆಲಿಗೆ ತಂದಿತು.

ಉಳಿದದ್ದೆಲ್ಲ ಕುಳಿತಲ್ಲಿಗೇ ಬರುತ್ತದೆ. ಕುರ್ಚಿ, ಕೊಡೆಗಳನ್ನು ಬಾಡಿಗೆಗೆ ಕೊಡುವ ಗುಡಾರಗಳು ಸಾಲಾಗಿವೆ. ಕೂರುವ ಮೊದಲೇ ದರ ಕೇಳಿಬಿಡಿ. ಎರಡು ಹೆಗಲಿಗೂ ಲೋಹದ ಡ್ರಮ್ ತೂಗುಹಾಕಿಕೊಂಡು ಕೂಗುತ್ತ ಬರುವವರ ಬಳಿ ಒಂದರಲ್ಲಿ ಮಾಟೆ ಎಂಬ ದಕ್ಷಿಣ ಅಮೆರಿಕದ ಎಲೆಯ ತಣ್ಣನೆಯ ಚಹಾ, ಇನ್ನೊಂದರಲ್ಲಿ ನಿಂಬೆ ಪಾನಕ ಇರುತ್ತದೆ. ಬೇಕಾದ ಹದಕ್ಕೆ ಬೆರೆಸಿ ಕೊಡುತ್ತಾರೆ. ಜೊತೆಗೆ ಮರಗೆಣಸಿನ ಹಿಟ್ಟಿನ, ಬಳೆಯಾಕಾರದ ಗ್ಲೋಬೊ ಬಿಸ್ಕತ್ತು: ಹಸಿರು ಪೊಟ್ಟಣ ಉಪ್ಪಿನದು, ಕೆಂಪು ಸಿಹಿಯದು. ನನ್ನ ಮತ ಹಸಿರಿಗೆ.

ಮೆಟ್ರೊದ ಮೂರು ನಿಲ್ದಾಣಗಳಿಂದ ತೀರಕ್ಕೆ ನಡೆದೇ ಹೋಗಬಹುದು. ಸುಮಾರು 4 ಕಿ.ಮೀ. ಉದ್ದದ ಮರಳಿನಲ್ಲಿ ಗುರುತು ಹೇಳುವುದು ಪೋಸ್ತೊ ಎಂಬ ಜೀವರಕ್ಷಕರ ಠಾಣೆಗಳ ಸಂಖ್ಯೆಯಿಂದ. ಅಲೆ ದಡದಲ್ಲೇ ಧೊಪ್ಪೆಂದು ಮುರಿಯುತ್ತದೆ, ಮೊಣಕಾಲುದ್ದದ ನೀರಿನಲ್ಲೇ ನನ್ನನ್ನು ಉರುಳಿಸಿತು. ಕೆಂಪು ಬಾವುಟ ನೆಟ್ಟಲ್ಲಿ ಇಳಿಯಲೇಬೇಡಿ. ಮಕ್ಕಳಿದ್ದರೆ ತೀರದ ತುದಿಯ ಕೋಟೆಯ ಪಕ್ಕದ ಆರನೇ ಪೋಸ್ತೊ ಒಳ್ಳೆಯದು. ಅಲ್ಲಿ ಕಡಲು ಸೌಮ್ಯ. ಬೆಳಿಗ್ಗೆ ಮೀನುಗಾರರ ದೋಣಿಗಳನ್ನೂ ನೋಡಬಹುದು. ನೀರಿಗಿಳಿಯುವಾಗ ಸಾಮಾನು ನೋಡಿಕೊಳ್ಳಲು ಪಕ್ಕದ ಕುಟುಂಬಕ್ಕೆ ಹೇಳುವುದು ಇಲ್ಲಿ ರೂಢಿ. ಆದರೂ ಪಾಸ್‌ಪೋರ್ಟ್, ಒಡವೆಗಳು ಕೋಣೆಯಲ್ಲೇ ಇರಲಿ.

ಭಾನುವಾರ ಕಡಲ ಬದಿಯ ರಸ್ತೆಗೆ ವಾಹನಗಳು ಬರುವುದಿಲ್ಲ. ಅಲೆ ಅಲೆಯಾದ ಕಪ್ಪು ಬಿಳುಪು ಕಲ್ಲಿನ ಕಾಲುದಾರಿಯನ್ನು ಅಂದೇ ನೋಡಿ. ಆ ವಿನ್ಯಾಸದ ಮೂಲ ಲಿಸ್ಬನ್. ಇದಕ್ಕೆ 1970ರ ಸುಮಾರಿಗೆ ಈಗಿನ ರೂಪ ಕೊಟ್ಟವರು ಬ್ರೆಜಿಲ್‌ನ ಉದ್ಯಾನ ವಿನ್ಯಾಸಕ ರೊಬೆರ್ಟೊ ಬುರ್ಲೆ ಮಾರ್ಕ್ಸ್. ಮಳೆಯಲ್ಲಿ ಕಲ್ಲು ಜಾರುತ್ತದೆ, ಜೋಕೆ. ಮರಳಿನಲ್ಲಿ ಮರದ ಬ್ಯಾಟು ಹಿಡಿದು ಫ್ರೆಸ್ಕೊಬಾಲ್ ಆಡುವವರನ್ನು ಕಂಡು, ಗೆಲ್ಲುತ್ತಿರುವವರು ಯಾರೆಂದು ಬಹಳ ಹೊತ್ತು ಲೆಕ್ಕ ಹಾಕಿದೆ. ಚೆಂಡು ನೆಲಕ್ಕೆ ಬೀಳದಂತೆ ಇಬ್ಬರೂ ಸೇರಿ ನೋಡಿಕೊಳ್ಳುವುದೇ ಆಟವಂತೆ!

ಮಧ್ಯಾಹ್ನ ಕಳೆದಂತೆ ಹಿಂದಿನ ಎತ್ತರದ ಕಟ್ಟಡಗಳ ನೆರಳು ಮರಳಿನ ಮೇಲೆ ಬೀಳುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಸೂರ್ಯಾಸ್ತಕ್ಕೆ ಪಕ್ಕದ ಅರ್ಪೊವಾದೋರ್ ಬಂಡೆ ಹತ್ತಬೇಕು. ಕೊನೆಯ ಸಂಜೆ ಕ್ಯಾಮೆರಾವನ್ನೂ ಬಿಟ್ಟು ಹೋಗಿದ್ದೆ. ಸೂರ್ಯ ಮುಳುಗಿದ ಕೂಡಲೇ ಬಂಡೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೈ ಖಾಲಿ ಇತ್ತು, ನಾನೂ ತಟ್ಟಿದೆ.