ನೆತ್ತರ ಹೊಲಕ್ಕೆ ಇಳಿದು ಹೋಗುವವರಿಗೆ

ಜೆರುಸಲೇಮಿಗೆ ಹೋಗುವ ನಮ್ಮ ತಂಡದ ಪಟ್ಟಿಯಲ್ಲಿ ಅಕೆಲ್ದಮಾ, ಅಂದರೆ ಬೈಬಲಿನ ‘ನೆತ್ತರ ಹೊಲ’, ಇರಲಿಲ್ಲ. ಬಿಡುವು ಸಿಕ್ಕ ಒಂದು ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಹಳೆಯ ಊರಿನ ಚೀಯೋನ್ ದ್ವಾರದಿಂದ ಹೊರಟು ಆ ಹೊಲವಿರುವ ಹಿನ್ನೋಮ್ ಕಣಿವೆಗೆ ನಡೆದೇ ಇಳಿದೆವು. ಇಳಿಯುವುದು ಸುಲಭ, ಮರಳಿ ಹತ್ತುವಾಗ ಏದುಸಿರು ಬರುತ್ತದೆ. ಬಿಸಿಲೇರುವ ಮುನ್ನ ಹೋಗಿ, ಗಟ್ಟಿ ತಳದ ಬೂಟು ಹಾಕಿಕೊಳ್ಳಿ, ನೀರು ಜೊತೆಗಿರಲಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್. ಆಗ ಬಸ್ಸುಗಳನ್ನು ನಂಬಬೇಡಿ.

ಹಿಂದಿನ ರಾತ್ರಿಯೇ ಮತ್ತಾಯನ 27ನೇ ಅಧ್ಯಾಯವನ್ನೂ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯವನ್ನೂ ಓದಿಕೊಳ್ಳಿ. ಹೆಸರೊಂದೇ, ಕಾರಣ ಎರಡು. ಯೇಸುವನ್ನು ಹಿಡಿದುಕೊಟ್ಟ ಯೂದನು ದೇವಾಲಯದಲ್ಲಿ ಎಸೆದುಹೋದ 30 ಬೆಳ್ಳಿ ನಾಣ್ಯಗಳು ರಕ್ತದ ಬೆಲೆಯಾದ್ದರಿಂದ ಕಾಣಿಕೆ ಪೆಟ್ಟಿಗೆಗೆ ಸಲ್ಲವೆಂದು ಯಾಜಕರು ಅದರಿಂದ ಕುಂಬಾರನ ಹೊಲ ಕೊಂಡರೆಂದು ಮತ್ತಾಯ ಹೇಳುತ್ತಾನೆ. ಪರಸ್ಥಳದವರನ್ನು ಹೂಳುವುದಕ್ಕಾಗಿ ಆ ಹೊಲ. ಕೃತ್ಯಗಳಲ್ಲಿ ಯೂದನೇ ಅದನ್ನು ಕೊಂಡು, ಅಲ್ಲಿಯೇ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ. ಊರವರು ‘ತಮ್ಮ ಭಾಷೆಯಲ್ಲಿ’ ಅಕೆಲ್ದಮಾ ಎಂದರೆಂಬ ಮಾತು ಬರುವುದು ಇಲ್ಲಿ. ಆ ಭಾಷೆ ಅರಾಮಿಕ್: ‘ಹಕೆಲ್’ ಎಂದರೆ ಹೊಲ, ‘ದೆಮಾ’ ಎಂದರೆ ರಕ್ತ. ಗಂಟಲಿನಿಂದ ಹೊರಡುವ ಆ ‘ಹ’ಕಾರಕ್ಕೆ ಗ್ರೀಕ್ ಲಿಪಿಯಲ್ಲಿ ಅಕ್ಷರವಿಲ್ಲದ್ದರಿಂದ ಅದು ಉದುರಿಹೋಗಿ ನಮ್ಮ ಬೈಬಲಿಗೂ ‘ಅ’ ಆಗಿ ಬಂತು. ಅರಬಿಯಲ್ಲಿ ಇಂದಿಗೂ ಹೊಲಕ್ಕೆ ಹಕ್ಲ್, ರಕ್ತಕ್ಕೆ ದಮ್.

ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ಹೆಸರಿನ ಕೊನೆಗೆ ‘ಖ್’ ಇದೆ. ಅದನ್ನು ನಿದ್ರಿಸು ಎಂಬರ್ಥದ ಅರಾಮಿಕ್ ಧಾತುವಿಗೆ ಜೋಡಿಸಿ ‘ಮಲಗಿದವರ ಹೊಲ’, ಅಂದರೆ ಸ್ಮಶಾನ, ಎಂದವರೂ ಇದ್ದಾರೆ. ಗ್ರಂಥವೇ ರಕ್ತವೆಂದು ಬಿಡಿಸಿ ಹೇಳಿರುವಾಗ ನನಗೆ ಅದೇ ಸರಿಯೆನಿಸುತ್ತದೆ. ಆದರೂ ಆ ಇಳಿಜಾರಿನಲ್ಲಿ ನಿಂತಾಗ ಎರಡನೆಯ ಅರ್ಥವೂ ಮನಸ್ಸಿನಿಂದ ಹೋಗಲಿಲ್ಲ. ಬಂಡೆಯ ತುಂಬ ಕೊರೆದ ಸಮಾಧಿ ಗವಿಗಳು. 2000ದಲ್ಲಿ ಇಲ್ಲಿನ ಒಂದು ಗವಿಯಲ್ಲಿ ಮೊದಲನೇ ಶತಮಾನದ ಶವವಸ್ತ್ರದ ತುಣುಕುಗಳು ಸಿಕ್ಕವು. ಅದರಲ್ಲಿ ಸುತ್ತಿ ಇಟ್ಟಿದ್ದ ಮನುಷ್ಯನಿಗೆ ಕುಷ್ಠವಿತ್ತೆಂದು ಪರೀಕ್ಷೆಯಲ್ಲಿ ತಿಳಿಯಿತು. ಗವಿಗಳೊಳಗೆ ಮಾತ್ರ ಇಳಿಯಬೇಡಿ.

ಮರುಭೂಮಿಯಲ್ಲಿ ಏಕಾಂತವಾಗಿ ಬಾಳಿದ ಸಂತ ಒನುಫ್ರಿಯಸರ ಹೆಸರಿನ ಗ್ರೀಕ್ ಆರ್ಥೊಡಾಕ್ಸ್ ಮಠ ಇಂಥ ಗವಿಗಳ ಮೇಲೆಯೇ ನಿಂತಿದೆ. ಬಾಗಿಲು ಎಲ್ಲ ಹೊತ್ತೂ ತೆರೆದಿರುವುದಿಲ್ಲ. ಮೊದಲೇ ವಿಚಾರಿಸಿಕೊಂಡು ಹೋಗಿ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ಒಳಗಿನ ಚಿತ್ರಪಟದಲ್ಲಿ ಸಂತರ ಬಿಳಿ ಗಡ್ಡ ಮೊಣಕಾಲು ದಾಟಿ ಇಳಿದಿತ್ತು. ನನ್ನ ಹೆಂಡತಿ ಬಹಳ ಹೊತ್ತು ಅದರ ಮುಂದೆಯೇ ನಿಂತಳು.

ಹತ್ತಿರದಲ್ಲೇ ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧಗಳ) ಕಾಲದ ಒಂದು ಕಮಾನು ಕಟ್ಟಡದ ಅವಶೇಷವಿದೆ. ಅದನ್ನು ಬಿಡಬೇಡಿ. ಯಾತ್ರೆಗೆ ಬಂದು ಇಲ್ಲಿಯೇ ತೀರಿಕೊಂಡವರ ದೇಹಗಳನ್ನು ಅದರ ಚಾವಣಿಯ ಕಂಡಿಗಳಿಂದ ಕೆಳಗೆ ಇಳಿಬಿಡುತ್ತಿದ್ದರು. ಯಾಜಕರು ಹೊಲ ಕೊಂಡ ಉದ್ದೇಶ ಸಾವಿರ ವರ್ಷ ಕಳೆದರೂ ಅದೇ ಮಣ್ಣಿನಲ್ಲಿ ನಡೆದಿತ್ತು. ಆ ಗೋಡೆಯ ಪಕ್ಕದಲ್ಲಿ ಕೂತು ಮತ್ತಾಯನ ಆ ವಚನಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆವು. ಪರಸ್ಥಳದವರು ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಉಳಿದದ್ದನ್ನು ಅವಳು ಓದಿದಳು.